ಗಿರಾಕಿ ಮೂವರೇ ಇದ್ದ ಕಂಪನಿಯ ಷೇರು ಕೊಂಡ ಕಥೆ

ಟ್ಯಾಕ್ಸ್ ರಿಟರ್ನ್‌ಗೆ ಸಹಿ ಹಾಕುವ ಮೊದಲು ಪ್ರತಿ ಪುಟವನ್ನೂ ಓದುವ ಅಭ್ಯಾಸ ನನ್ನ ಹೆಂಡತಿಗೆ. ಹೋದ ವರ್ಷ ಮಾರ್ಚ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ, ಕಾಫಿ ಲೋಟ ಪಕ್ಕಕ್ಕಿಟ್ಟು ಶೆಡ್ಯೂಲ್ ಡಿ ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ಏನ್ರೀ ಇದು? ಒಂಬತ್ತು ಸಾವಿರ ಡಾಲರ್ ನಷ್ಟ ಅಂತಿದೆ. ಯಾವುದರದ್ದು?"

ಗಂಡ ಹೆಂಡತಿ ಸೇರಿ ಜಂಟಿ ರಿಟರ್ನ್ ಸಲ್ಲಿಸುವವರಿಗೆ ಗೊತ್ತು, ಇಬ್ಬರೂ ಸಹಿ ಹಾಕಲೇಬೇಕು. ಮೂರು ವರ್ಷದಿಂದ ನಾನು ಹೇಳದೇ ಇಟ್ಟುಕೊಂಡಿದ್ದ ವಿಷಯ ಐಆರ್‌ಎಸ್ ಫಾರ್ಮ್‌ನಲ್ಲಿ ಕಪ್ಪು ಬಿಳುಪಾಗಿ ಅವಳ ಮುಂದೆ ಕೂತಿತ್ತು.

ಅದು ಸ್ಮಿತ್ ಮೈಕ್ರೋ ಸಾಫ್ಟ್‌ವೇರ್ ಎಂಬ ಕಂಪನಿಯ ಷೇರು. ನ್ಯಾಸ್ಡಾಕ್‌ನಲ್ಲಿ ಎಸ್‌ಎಂಎಸ್‌ಐ. ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅಮೆರಿಕದಲ್ಲಿ ಮಕ್ಕಳಿಗೆ ಫೋನ್ ಕೊಡಿಸಿದವರಲ್ಲಿ ಹಲವರು ಇದರ ಸಾಫ್ಟ್‌ವೇರ್ ಬಳಸಿದ್ದಾರೆ, ಹೆಸರು ಗೊತ್ತಿಲ್ಲದೆ. ಕಥೆಯ ಮುಖ್ಯ ಎಳೆಯೂ ಅದೇ. ಮೊದಲೇ ಹೇಳಿಬಿಡುತ್ತೇನೆ, ನಾನು ಹಣಕಾಸು ಸಲಹೆಗಾರನಲ್ಲ, ಈಗ ನನ್ನ ಹತ್ತಿರ ಈ ಷೇರು ಒಂದೂ ಇಲ್ಲ, ಇದನ್ನು ಕೊಳ್ಳಿ ಅಥವಾ ಮಾರಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಕಳೆದುಕೊಂಡದ್ದು ನನ್ನ ತಪ್ಪಿನಿಂದ. ಕಂಪನಿ ತನ್ನ ವಾರ್ಷಿಕ ವರದಿಯಲ್ಲಿ ಎಲ್ಲವನ್ನೂ ಬರೆದೇ ಇಟ್ಟಿತ್ತು.

2021ರ ವಸಂತಕ್ಕೆ ಹೋಗೋಣ. ಮಗಳಿಗೆ ಆಗ ಹನ್ನೆರಡು. ಕೋವಿಡ್ ನಂತರ ಶಾಲೆ ಮತ್ತೆ ತೆರೆದಿತ್ತು, ಅವಳು ಒಬ್ಬಳೇ ನಡೆದು ಮನೆಗೆ ಬರುತ್ತೇನೆಂದು ಹಟ ಹಿಡಿದಿದ್ದಳು. ಇಲ್ಲಿ ಡಾಲಸ್ ಕಡೆಯ ಸಬರ್ಬ್‌ಗಳಲ್ಲಿ ರಸ್ತೆಯಲ್ಲಿ ನಡೆಯುವ ಒಂದು ನರಪಿಳ್ಳೆಯೂ ಕಾಣುವುದಿಲ್ಲ, ಅದೇ ನಮಗೆ ಭಯ. ನಮ್ಮ ಮೊಬೈಲ್ ಕಂಪನಿ ತಿಂಗಳಿಗೆ ಇಷ್ಟು ಎಂದು ಬಿಲ್‌ಗೆ ಸೇರಿಸಿ ಕುಟುಂಬ ಸುರಕ್ಷತೆಯ ಆ್ಯಪ್ ಕೊಡುತ್ತಿತ್ತು. ಮಗು ಎಲ್ಲಿದೆ ನೋಡಬಹುದು, ರಾತ್ರಿ ಇಂಟರ್ನೆಟ್ ನಿಲ್ಲಿಸಬಹುದು, ಯಾವ ಆ್ಯಪ್ ಎಷ್ಟು ಹೊತ್ತು ಎಂದು ಮಿತಿ ಹಾಕಬಹುದು. ಹಾಕಿಸಿಕೊಂಡೆವು.

ಷೇರು ಹುಚ್ಚಿನವನಿಗೆ ಏನೇ ಕಂಡರೂ ಅದರ ಹಿಂದೆ ಯಾವ ಕಂಪನಿ ಇದೆ ಎಂದು ಹುಡುಕುವ ಚಟ. ಹುಡುಕಿದೆ. ಕ್ಯಾರಿಯರ್‌ಗಳು ಇಂಥ ಆ್ಯಪ್‌ಗಳನ್ನು ತಾವೇ ಬರೆಯುವುದು ಕಡಿಮೆ; ಬೇರೆಯವರಿಂದ ತಂದು ತಮ್ಮ ಹೆಸರು, ತಮ್ಮ ಬಣ್ಣ ಹಚ್ಚಿ ಮಾರುತ್ತವೆ. ನಮ್ಮ ಕಡೆ ದೊಡ್ಡ ಬ್ರ್ಯಾಂಡಿನ ಉಪ್ಪಿನಕಾಯಿ ಯಾವುದೋ ಊರಿನ ಸಣ್ಣ ಘಟಕದಲ್ಲಿ ತಯಾರಾಗಿ ಬಂದ ಹಾಗೆ. ಬಾಟಲಿಯ ಮೇಲಿನ ಹೆಸರು ನಂಬಿ ಕೊಳ್ಳುತ್ತೇವೆ, ಉಪ್ಪು ಖಾರ ಹಾಕಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಸ್ಮಿತ್ ಮೈಕ್ರೋದ ವೇದಿಕೆಯ ಹೆಸರು ಸೇಫ್‌ಪಾತ್. ಸ್ಪ್ರಿಂಟ್ ಕಂಪನಿ 2018ರಲ್ಲಿ ಇದನ್ನು "ಸೇಫ್ ಅಂಡ್ ಫೌಂಡ್" ಎಂಬ ಹೆಸರಿನಲ್ಲಿ ಮಾರತೊಡಗಿತು. ಅಲ್ಲಿಯವರೆಗೆ ವರ್ಷಗಟ್ಟಲೆ ನಷ್ಟದಲ್ಲಿದ್ದ ಕಂಪನಿ 2019ರಲ್ಲಿ 4.3 ಕೋಟಿ ಡಾಲರ್ ಆದಾಯ, ಒಂದು ಕೋಟಿ ಡಾಲರ್‌ಗೂ ಮೇಲೆ ಲಾಭ ತೋರಿಸಿತು. 2020ರಲ್ಲಿ ಆದಾಯ 5.1 ಕೋಟಿ, ಒಟ್ಟು ಲಾಭಾಂಶ ಶೇ. 90ರ ಹತ್ತಿರ. ಅಂದರೆ ನೂರು ಡಾಲರ್ ಬಂದರೆ ಸೇವೆ ಒದಗಿಸುವ ನೇರ ಖರ್ಚು ಹತ್ತೇ ಡಾಲರ್. ಸಂಬಳ, ಮಾರಾಟ ಮುಂತಾದವು ಆಮೇಲೆ. ಆ ಅಂಕಿ ನೋಡಿ ನನಗೆ ಜೊಲ್ಲು ಸುರಿಯಿತು.

ಮೇಲಿಂದ, ಆ ವರ್ಷದ ಏಪ್ರಿಲ್‌ನಲ್ಲಿ ಅವರು ಅವಾಸ್ಟ್ ಕಂಪನಿಯ ಕುಟುಂಬ ಸುರಕ್ಷತೆ ವ್ಯವಹಾರವನ್ನು ಸುಮಾರು 6.6 ಕೋಟಿ ಡಾಲರ್‌ಗೆ ಕೊಂಡರು. ಅದರ ಮೂಲ ಲೊಕೇಶನ್ ಲ್ಯಾಬ್ಸ್ ಎಂಬ ಕಂಪನಿ. ಇದನ್ನು ಎವಿಜಿ 2014ರಲ್ಲಿ ಕೊಂಡಿತ್ತು, ಎವಿಜಿಯನ್ನು 2016ರಲ್ಲಿ ಅವಾಸ್ಟ್ ಕೊಂಡಿತು, ಹೀಗೆ ಕೈಬದಲಾಗುತ್ತಾ ಬಂದ ಸರಕು. ಅದರ ಜೊತೆ ವೆರೈಝನ್, ಎಟಿ ಅಂಡ್ ಟಿ, ಟಿ-ಮೊಬೈಲ್ ಮೂವರ ಒಪ್ಪಂದಗಳೂ ಬಂದವು. ಅಮೆರಿಕದ ಮೂರು ದೊಡ್ಡ ಕ್ಯಾರಿಯರ್‌ಗಳೂ ಒಂದೇ ಸಣ್ಣ ಕಂಪನಿಯ ಗಿರಾಕಿಗಳು! ಕೋಟ್ಯಂತರ ಕುಟುಂಬಗಳು, ತಿಂಗಳಿಗೆ ಐದು, ಹತ್ತು ಡಾಲರ್. ಶೇ. ಎರಡರಷ್ಟು ಮನೆಯವರು ಹಾಕಿಸಿಕೊಂಡರೂ ಸಾಕು ಎಂದು ಎಕ್ಸೆಲ್‌ನಲ್ಲಿ ಗುಣಿಸಿದೆ. ಎಕ್ಸೆಲ್‌ನಲ್ಲಿ ಗುಣಿಸಿ ಬಡವರಾದವರ ಸಂಘ ಕಟ್ಟಿದರೆ ನಾನೇ ಅಧ್ಯಕ್ಷ.

ಮಗಳ ಕಾಲೇಜಿಗೆಂದು ತಿಂಗಳು ತಿಂಗಳು 529 ಖಾತೆಗೆ ದುಡ್ಡು ಹಾಕುತ್ತಿದ್ದೆವು. ಅದರಲ್ಲಿ ಬಿಡಿ ಷೇರು ಕೊಳ್ಳಲು ಬರುವುದಿಲ್ಲ, ಯೋಜನೆಯವರು ಕೊಟ್ಟ ಫಂಡುಗಳಲ್ಲೇ ಆರಿಸಬೇಕು. "ಒಂದು ವರ್ಷದ್ದು ಹಾಕದಿದ್ದರೆ ಏನಾಯಿತು, ಎರಡರಷ್ಟು ಮಾಡಿ ಹಾಕಿದರಾಯಿತು" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಆ ಹಣವನ್ನು ಬ್ರೋಕರೇಜ್ ಖಾತೆಗೆ ತಿರುಗಿಸಿದೆ. ಆರು ಡಾಲರ್ ಆಸುಪಾಸಿನಲ್ಲಿ 1,800 ಷೇರು. ಒಟ್ಟು 10,890 ಡಾಲರ್. ಹೆಂಡತಿಗೆ ಹೇಳಲಿಲ್ಲ. ದ್ವಿಗುಣವಾದ ಮೇಲೆ ಹೇಳಿ ಬೆರಗು ಮಾಡೋಣ ಎಂದುಕೊಂಡಿದ್ದೆ.

ಇಲ್ಲಿ ನನ್ನ ಚಿಕ್ಕಪ್ಪನ ವಿಷಯ ಹೇಳಬೇಕು. ತೊಂಬತ್ತರ ದಶಕದ ಮೊದಲಲ್ಲಿ ಪೀಣ್ಯದಲ್ಲಿ ಅವರದ್ದೊಂದು ಶೆಡ್ಡು, ಎರಡು ಲೇತು, ನಾಲ್ಕು ಜನ ಕೆಲಸದವರು. ದೊಡ್ಡ ಕಾರ್ಖಾನೆಯೊಂದಕ್ಕೆ ಬುಷ್ ಮಾಡಿ ಕೊಡುತ್ತಿದ್ದರು. ಬೇಸಿಗೆ ರಜದಲ್ಲಿ ನಾನು ಅಲ್ಲಿ ಹೋಗಿ ಕೂತು ಲೋಹದ ಸುರುಳಿಗಳನ್ನು ಆರಿಸುತ್ತಿದ್ದೆ. ಅವರಿಗೆ ಗಿರಾಕಿ ಅಂದರೆ ಆ ಒಂದೇ ಕಾರ್ಖಾನೆ. ಒಂದು ವರ್ಷ ಆ ಕಾರ್ಖಾನೆಯವರು ಡಿಸೈನ್ ಬದಲಿಸಿದರು, ಆ ಬುಷ್ ಬೇಡವಾಯಿತು. ಆರ್ಡರ್ ಬರಲಿಲ್ಲ. "ಯಾಕೆ ಬಂದಿಲ್ಲ ಅಂತ ಹೋಗಿ ಕೇಳಬಾರದಾ ಚಿಕ್ಕಪ್ಪ?" ಅಂದದ್ದಕ್ಕೆ ಅವರು, "ಕೇಳೋಕಾಗಲ್ಲ ಕಣೋ. ಕೇಳಿದ್ರೆ ಮುಂದೆ ಬರೋದೂ ಬರಲ್ಲ" ಅಂದಿದ್ದರು. ಆರು ತಿಂಗಳಲ್ಲಿ ಲೇತುಗಳನ್ನು ಮಾರಿದರು. ಇಷ್ಟನ್ನು ಕಣ್ಣಾರೆ ಕಂಡವನು ನಾನು. ಆದರೆ ಷೇರು ಕೊಳ್ಳುವಾಗ ಪೀಣ್ಯ ನೆನಪಾಗಲಿಲ್ಲ. ಸಾಫ್ಟ್‌ವೇರ್ ಕಂಪನಿ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು, ಶೇ. 90 ಲಾಭಾಂಶ. ಅದಕ್ಕೂ ಲೇತಿಗೂ ಏನು ಸಂಬಂಧ?

ಸಂಬಂಧ ಇತ್ತು. ಈ ವ್ಯವಹಾರದಲ್ಲಿ ಸಾಫ್ಟ್‌ವೇರ್ ಬರೆಯುವವನಿಗೂ ಅದನ್ನು ಬಳಸುವ ತಾಯಿಗೂ ನಡುವೆ ಕ್ಯಾರಿಯರ್ ನಿಂತಿರುತ್ತದೆ. ಬಿಲ್ ಅವರದ್ದು, ಹೆಸರು ಅವರದ್ದು, ಬೆಲೆ ನಿಗದಿ ಅವರದ್ದು, ಅಂಗಡಿಯಲ್ಲಿ ಫೋನ್ ಮಾರುವ ಹುಡುಗ ಈ ಆ್ಯಪ್ ಬಗ್ಗೆ ಬಾಯಿ ಬಿಡಬೇಕೋ ಬೇಡವೋ ಎಂಬುದೂ ಅವರ ಇಷ್ಟ. ಸಾಫ್ಟ್‌ವೇರ್ ಕೊಟ್ಟವನಿಗೆ ಚಂದಾದಾರರ ಲೆಕ್ಕದಲ್ಲಿ ಪಾಲು ಬರುತ್ತದೆ. ಜಾಹೀರಾತಿನ ಖರ್ಚಿಲ್ಲ ಎಂಬುದು ಇದರ ಸುಖ. ಚಂದಾದಾರರಲ್ಲಿ ಒಬ್ಬರೂ ತನ್ನವರಲ್ಲ ಎಂಬುದು ಇದರ ದುಃಖ. ಕ್ಯಾರಿಯರ್‌ಗೆ ಈ ಆ್ಯಪ್‌ನಿಂದ ಬರುವ ದುಡ್ಡು ಚಿಲ್ಲರೆ ಕಾಸು. ಮನೆಯ ಐದೂ ಲೈನ್‌ಗಳು ಬೇರೆ ಕಂಪನಿಗೆ ಜಿಗಿಯದಂತೆ ಕಟ್ಟಿಹಾಕುವ ಹಗ್ಗಗಳಲ್ಲಿ ಇದೂ ಒಂದು. ಆದರೆ ಕೊಡುವವನಿಗೆ ಅದೇ ಇಡೀ ಜೀವನ.

ಸ್ಪ್ರಿಂಟ್ ಕಥೆಯನ್ನೇ ನೋಡಿ. 2020ರ ಏಪ್ರಿಲ್ 1ರಂದು ಸ್ಪ್ರಿಂಟ್ ಟಿ-ಮೊಬೈಲ್ ಜೊತೆ ವಿಲೀನವಾಯಿತು. ಸ್ಪ್ರಿಂಟ್ ಹೆಸರೇ ಮರೆಯಾಗತೊಡಗಿತು. ಅದರ ಚಂದಾದಾರರು ಟಿ-ಮೊಬೈಲ್ ಪ್ಲಾನ್‌ಗಳಿಗೆ ಹೋಗುತ್ತಾ ಹೋದ ಹಾಗೆ ಸೇಫ್ ಅಂಡ್ ಫೌಂಡ್ ಆದಾಯವೂ ಕರಗತೊಡಗಿತು. ಸ್ಮಿತ್ ಮೈಕ್ರೋದ ಇಂಜಿನಿಯರುಗಳು ಏನೂ ತಪ್ಪು ಮಾಡಿರಲಿಲ್ಲ. ನಾನು ಷೇರು ಕೊಳ್ಳುವಾಗ ಇದು ಆಗಲೇ ನಡೆಯುತ್ತಿತ್ತು, ಮೂರು ತಿಂಗಳಿಗೊಮ್ಮೆ ಬರುವ ವರದಿಗಳಲ್ಲಿ ಇತ್ತು. "ಹೊಸ ಖರೀದಿ ಬಂತಲ್ಲ, ಸರಿಹೋಗುತ್ತದೆ" ಎಂದು ದಾಟಿ ಹೋದೆ.

ಇನ್ನೊಂದು ತಮಾಷೆ. ಸೇಫ್ ಅಂಡ್ ಫೌಂಡ್ ಬರುವ ಮೊದಲು ಸ್ಪ್ರಿಂಟ್‌ಗೆ ಫ್ಯಾಮಿಲಿ ಲೊಕೇಟರ್ ಎಂಬ ಸೇವೆ ಒದಗಿಸುತ್ತಿದ್ದದ್ದು ಯಾರು? ಇದೇ ಲೊಕೇಶನ್ ಲ್ಯಾಬ್ಸ್. ಅವರನ್ನು ಬಿಟ್ಟು ಸ್ಪ್ರಿಂಟ್ ಸ್ಮಿತ್ ಮೈಕ್ರೋ ಕಡೆ ಬಂದಿತ್ತು. ಅಂದರೆ ನನಗೆ ಅಷ್ಟು ಆಸೆ ಹುಟ್ಟಿಸಿದ 2019ರ ಲಾಭ ಬಂದದ್ದೇ ಕ್ಯಾರಿಯರ್ ಒಂದು ತನ್ನ ಹಳೆಯ ಸರಬರಾಜುದಾರನನ್ನು ಬದಲಿಸಿದ್ದರಿಂದ. ಅವರಿಗೆ ಆದದ್ದು ಇವರಿಗೂ ಆಗಬಹುದು ಎಂದು ಹೊಳೆಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

ಕಂಪನಿಯ ಹಳೆಯ ಚರಿತ್ರೆ ಓದಿದ್ದರೂ ಸಾಕಿತ್ತು. 1982ರಲ್ಲಿ ವಿಲಿಯಂ ಸ್ಮಿತ್ ಸ್ಥಾಪಿಸಿದ ಕಂಪನಿ ಇದು, 1995ರಲ್ಲಿ ಷೇರುಪೇಟೆಗೆ ಬಂತು. ಮೊದಲು ಮೋಡೆಮ್, ಫ್ಯಾಕ್ಸ್ ಸಾಫ್ಟ್‌ವೇರ್. ಆಮೇಲೆ ಲ್ಯಾಪ್‌ಟಾಪ್‌ಗೆ ಚುಚ್ಚುವ ಯುಎಸ್‌ಬಿ ಡೇಟಾ ಕಾರ್ಡ್‌ಗಳು ಬಂದವಲ್ಲ, ಅದನ್ನು ಚುಚ್ಚಿದೊಡನೆ ತೆರೆಯುತ್ತಿದ್ದ "ಕನೆಕ್ಟ್" ಕಿಟಕಿ ನೆನಪಿದೆಯೇ? ನಮ್ಮಲ್ಲಿ ಆನ್‌ಸೈಟ್ ಬಂದ ಎಷ್ಟೋ ಜನ ಹೋಟೆಲ್ ರೂಮಿನಿಂದ ಊರಿಗೆ ಸ್ಕೈಪ್ ಮಾಡಿದ್ದು ಅಂಥ ಕಾರ್ಡ್‌ಗಳಿಂದಲೇ. ಆ ಬಗೆಯ ಸಾಫ್ಟ್‌ವೇರನ್ನು ಇವರು ಕ್ಯಾರಿಯರ್‌ಗಳಿಗೆ ಕೊಡುತ್ತಿದ್ದರು. ಅತಿ ದೊಡ್ಡ ಗಿರಾಕಿ ವೆರೈಝನ್. 2010ರಲ್ಲಿ ಆದಾಯ 13 ಕೋಟಿ ಡಾಲರ್ ಮುಟ್ಟಿತು. ಅಷ್ಟರಲ್ಲಿ ಸ್ಮಾರ್ಟ್‌ಫೋನೇ ಹಾಟ್‌ಸ್ಪಾಟ್ ಆಗತೊಡಗಿತು, ಚುಚ್ಚುವ ಕಾರ್ಡ್ ಯಾರಿಗೂ ಬೇಡವಾಯಿತು. 2011ರ ಆದಾಯ 6 ಕೋಟಿಗಿಂತಲೂ ಕಡಿಮೆ. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಚಿಕ್ಕಪ್ಪನ ಬುಷ್ ಹೋದ ಹಾಗೆಯೇ.

ಇತ್ತ ನಮ್ಮ ಮನೆಯಲ್ಲಿ ಏನಾಯಿತು? ಆ್ಯಪ್ ಹಾಕಿಸಿ ಎರಡು ತಿಂಗಳಿಗೆ ಮಗಳ ಫೋನಿನಲ್ಲಿ ನಕ್ಷೆಯ ಜೊತೆ ಒಂದು ಸೂಚನೆ ಬರತೊಡಗಿತು: ಈ ಆ್ಯಪ್ ನಿಮ್ಮ ಜಾಗವನ್ನು ಇಷ್ಟು ಸಲ ಹಿನ್ನೆಲೆಯಲ್ಲಿ ಬಳಸಿದೆ, ಮುಂದುವರಿಸಬೇಕೇ? ಐಫೋನ್‌ಗಳಲ್ಲಿ ಐಒಎಸ್ 13ರಿಂದ ಇದು ಬಂದಿದೆ. ಅವಳು ಬೇಡ ಎಂದು ಒತ್ತಿದಳು. ನನ್ನ ಫೋನಿನಲ್ಲಿ ಅವಳು ಮೂರು ದಿನ ಶಾಲೆಯಲ್ಲೇ ಇದ್ದಳು! ಕೇಳಿದರೆ, "ಅಪ್ಪಾ, ಇದಕ್ಕೆ ದುಡ್ಡು ಯಾಕೆ ಕೊಡ್ತೀಯ? ಫೈಂಡ್ ಮೈ ಇದೆಯಲ್ಲ, ಫ್ರೀ" ಅಂದಳು. ಹೆಂಡತಿ ಅವತ್ತೇ ಫೈಂಡ್ ಮೈ ಮತ್ತು ಸ್ಕ್ರೀನ್ ಟೈಮ್ ಜೋಡಿಸಿಕೊಂಡು, ತಿಂಗಳ ಚಂದಾ ರದ್ದು ಮಾಡಿಸಿದಳು.

ನಿಧಾನಕ್ಕೆ ಯೋಚಿಸಿ. ನಮ್ಮ ಮನೆಯೇ ಆ ಸೇವೆಯನ್ನು ಬಿಟ್ಟಿತು. ಬಿಟ್ಟದ್ದು ಇನ್ನೂ ಅಗ್ಗದ್ದು ಸಿಕ್ಕಿತೆಂದಲ್ಲ, ಪುಕ್ಕಟೆ ಸಿಕ್ಕಿತೆಂದು. ಗೂಗಲ್ 2017ರಲ್ಲಿ ಫ್ಯಾಮಿಲಿ ಲಿಂಕ್ ತಂದಿತ್ತು, ಆಪಲ್ 2018ರಲ್ಲಿ ಸ್ಕ್ರೀನ್ ಟೈಮ್ ತಂದಿತ್ತು. 2019ರ ಹೊತ್ತಿಗೆ ಆಪಲ್, ಎಂಡಿಎಂ ತಂತ್ರ ಬಳಸುತ್ತಿದ್ದ ಹಲವು ಪೋಷಕ ನಿಯಂತ್ರಣ ಆ್ಯಪ್‌ಗಳನ್ನು ತನ್ನ ಆ್ಯಪ್ ಸ್ಟೋರ್‌ನಿಂದ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಮೇಲೆ ಕ್ಯಾರಿಯರ್, ಕೆಳಗೆ ಫೋನಿನ ಆಪರೇಟಿಂಗ್ ಸಿಸ್ಟಂ ಮಾಡುವವರು, ನಡುವೆ ಈ ಸಣ್ಣ ಕಂಪನಿ. ಇಷ್ಟೆಲ್ಲ ನನ್ನ ಊಟದ ಮೇಜಿನ ಮೇಲೇ ನಡೆದರೂ ನಾನು ಒಂದು ಷೇರನ್ನೂ ಮಾರಲಿಲ್ಲ. ಕೊಳ್ಳುವಾಗ "ನಮ್ಮ ಮನೆಯಲ್ಲೇ ಬಳಸುತ್ತೇವೆ" ಎಂಬುದನ್ನು ಪುರಾವೆ ಅಂದುಕೊಂಡವನು, "ನಮ್ಮ ಮನೆಯಲ್ಲೇ ಬಿಟ್ಟೆವು" ಎಂಬುದನ್ನು ಮಾತ್ರ ಅಪವಾದ ಅಂದುಕೊಂಡೆ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ವೇದಿಕೆಯ ಚಂದಾದಾರರನ್ನು ಸೇಫ್‌ಪಾತ್‌ಗೆ ಸಾಗಿಸುವ ಕೆಲಸ ವರ್ಷಕ್ಕೂ ಮೀರಿ ಎಳೆಯಿತು, ಅಲ್ಲಿಯವರೆಗೆ ಎರಡೆರಡು ವ್ಯವಸ್ಥೆ ನಡೆಸುವ ಖರ್ಚು. 2021ರಲ್ಲಿ ಆದಾಯ 5.8 ಕೋಟಿಗೆ ಏರಿದರೂ ನಷ್ಟ 3 ಕೋಟಿ ದಾಟಿತು. 2022ರಲ್ಲಿ ಆದಾಯ 4.85 ಕೋಟಿಗೆ ಇಳಿಯಿತು. ಹಣ ಸಾಲದೆ ಸಾಲಪತ್ರ ಮತ್ತು ವಾರಂಟ್‌ಗಳನ್ನು ಮಾರಿದರು. ವಾರಂಟ್ ಅಂದರೆ ಮುಂದೆ ಹೊಸ ಷೇರು ಹುಟ್ಟಿ ನಮ್ಮ ಪಾಲು ತೆಳುವಾಗುತ್ತದೆ ಎಂದರ್ಥ. 2023ರ ಆರಂಭದಲ್ಲಿ ವೆರೈಝನ್ ತನ್ನ ಕುಟುಂಬ ಸುರಕ್ಷತೆ ಒಪ್ಪಂದವನ್ನು ಕೊನೆಗೊಳಿಸುವುದಾಗಿ ನೋಟಿಸ್ ಕೊಟ್ಟಿತು. ಅದೇ ಗಿರಾಕಿ, ಹನ್ನೆರಡು ವರ್ಷದ ನಂತರ.

ಸುದ್ದಿ ಓದಿದಾಗ ನಾನು ಆಫೀಸಿನಲ್ಲಿದ್ದೆ. ನಮ್ಮದೂ ವೆಂಡರ್ ಕಂಪನಿಯೇ, ಕ್ಲೈಂಟ್ ಒಬ್ಬರು ಎಸ್‌ಒಡಬ್ಲ್ಯೂ ನವೀಕರಿಸದಿದ್ದರೆ ನಲವತ್ತು ಜನ ಬೆಂಚಿಗೆ ಬೀಳುವುದನ್ನು ನೋಡಿದವರು ನಾವು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನರ ಪಾಡೂ ಅದೇ ಇರಬೇಕು. ಸಂಬಳವೇ ಒಬ್ಬ ಗಿರಾಕಿಯ ಮರ್ಜಿಯ ಮೇಲಿದ್ದಾಗ ಉಳಿತಾಯವನ್ನೂ ತೆಗೆದುಕೊಂಡು ಹೋಗಿ ಅಂಥದ್ದೇ ಮರ್ಜಿಯ ಮೇಲೆ ಇಟ್ಟಿದ್ದೆ.

ಆಗಲೂ ಮಾರಲಿಲ್ಲ. "ಸ್ವಲ್ಪ ಏರಲಿ, ಅಸಲಿನಲ್ಲಿ ಅರ್ಧ ಬಂದರೆ ಸಾಕು" ಎಂದು ಕಾದೆ. ಏರಲಿಲ್ಲ. ಡಿಸೆಂಬರ್‌ನಲ್ಲಿ ಒಂದು ಡಾಲರ್‌ಗಿಂತ ಕೆಳಗೆ ಬಿದ್ದಿದ್ದಾಗ ಎಲ್ಲವನ್ನೂ ಮಾರಿದೆ. ಕೈಗೆ ಬಂದದ್ದು 1,404 ಡಾಲರ್. ನಷ್ಟ 9,486.

ನಾನು ಮಾರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಎಂಟು ಷೇರು ಸೇರಿಸಿ ಒಂದು ಮಾಡಿದರು. ನ್ಯಾಸ್ಡಾಕ್ ನಿಯಮದ ಪ್ರಕಾರ ಷೇರು ಬೆಲೆ ಸತತ ಮೂವತ್ತು ವಹಿವಾಟು ದಿನ ಒಂದು ಡಾಲರ್‌ಗಿಂತ ಕೆಳಗಿದ್ದರೆ ನೋಟಿಸ್ ಬರುತ್ತದೆ, ಸರಿಪಡಿಸಲು 180 ದಿನ ಕೊಡುತ್ತಾರೆ. ಅದಕ್ಕೇ ಕಂಪನಿಗಳು ಈ ರಿವರ್ಸ್ ಸ್ಪ್ಲಿಟ್ ಮಾಡುವುದು. ಇವರು 2016ರಲ್ಲೂ ನಾಲ್ಕಕ್ಕೆ ಒಂದು ಮಾಡಿದ್ದರು. ಹಾಗಾಗಿ ಇಂಥ ಕಂಪನಿಗಳ ಹಳೆಯ ಬೆಲೆಯ ಗ್ರಾಫ್ ನೋಡುವಾಗ ಎಚ್ಚರ: 2016ಕ್ಕೂ ಮೊದಲು ಕೊಂಡ ಮೂವತ್ತೆರಡು ಷೇರು 2024ರ ಹೊತ್ತಿಗೆ ಒಂದು ಷೇರಾಗಿತ್ತು. 2024ರಲ್ಲಿ ಆದಾಯ 2.06 ಕೋಟಿ. ಹಿಂದಿನ ವರ್ಷ 4.09 ಕೋಟಿ ಇತ್ತು. ಹಿಂದೆ ಕೊಂಡ ವ್ಯವಹಾರಗಳ ಹೆಚ್ಚುವರಿ ಬೆಲೆಯೆಂದು ಪುಸ್ತಕದಲ್ಲಿಟ್ಟಿದ್ದ ಗುಡ್‌ವಿಲ್‌ನಲ್ಲಿ ಸುಮಾರು 2.4 ಕೋಟಿ ಡಾಲರನ್ನು ಅದೇ ವರ್ಷ ತೊಡೆದುಹಾಕಿದರು. ಕಂಪನಿ ಇನ್ನೂ ನಡೆಯುತ್ತಿದೆ, ಖರ್ಚು ಕಡಿಮೆ ಮಾಡಿದೆ, ಮಕ್ಕಳ ಫೋನ್‌ಗೆಂದು ಸೇಫ್‌ಪಾತ್ ಓಎಸ್ ಎಂಬುದನ್ನು ಕ್ಯಾರಿಯರ್‌ಗಳಿಗೆ ಮಾರುವ ಪ್ರಯತ್ನದಲ್ಲಿದೆ. ಗೆಲ್ಲಲಿ. ನಾನು ದೂರದಿಂದ ನೋಡುತ್ತೇನೆ.

ಹಾಗಾದರೆ ಕುಟುಂಬ ಸುರಕ್ಷತೆಯಲ್ಲಿ ದುಡ್ಡೇ ಇಲ್ಲವೇ? ಇದೆ. ಲೈಫ್360 ಇದೇ ಕೆಲಸವನ್ನು ಕ್ಯಾರಿಯರ್ ಹಂಗಿಲ್ಲದೆ ನೇರವಾಗಿ ಮನೆಗಳಿಗೆ ಮಾರುತ್ತದೆ. 2019ರಲ್ಲಿ ಆಸ್ಟ್ರೇಲಿಯಾದ ಷೇರುಪೇಟೆಗೆ, 2024ರಲ್ಲಿ ನ್ಯಾಸ್ಡಾಕ್‌ಗೆ ಬಂತು. 2024ರ ಆದಾಯ 37 ಕೋಟಿ ಡಾಲರ್ ದಾಟಿತು. ಅದೂ ವರ್ಷಗಟ್ಟಲೆ ನಷ್ಟ ಮಾಡಿದ ಕಂಪನಿಯೇ, ಫೈಂಡ್ ಮೈ ಅದರ ತಲೆಯ ಮೇಲೂ ಇದೆ. ಆದರೆ ಅದರ ಚಂದಾದಾರರನ್ನು ಒಂದು ನೋಟಿಸ್‌ನಲ್ಲಿ ಕಿತ್ತುಕೊಳ್ಳುವ ಯಜಮಾನ ನಡುವೆ ಇಲ್ಲ. ಸೇವೆ ಒಂದೇ, ಮಾರುವ ದಾರಿ ಬೇರೆ.

ಈಗ ನಾನು ಸಣ್ಣ ಕಂಪನಿಯ 10-ಕೆ ವರದಿ ತೆರೆದರೆ ಮೊದಲು ಹುಡುಕುವುದು ಗಿರಾಕಿಗಳ ಟಿಪ್ಪಣಿ. ಆದಾಯದಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಒಬ್ಬನೇ ಗಿರಾಕಿಯಿಂದ ಬಂದರೆ ಅದನ್ನು ತಿಳಿಸಲೇಬೇಕೆಂದು ಅಮೆರಿಕದ ಲೆಕ್ಕಪತ್ರ ನಿಯಮವಿದೆ. ಹಿಂಬದಿಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಐದು ನಿಮಿಷದ ಕೆಲಸ. ಅದರ ಜೊತೆಗೆ ಐದು ವರ್ಷದ ಷೇರುಗಳ ಸಂಖ್ಯೆ, ಕೈಯಲ್ಲಿರುವ ನಗದು ಮತ್ತು ಮೂರು ತಿಂಗಳಿಗೆ ಕರಗುವ ನಗದು ನೋಡುತ್ತೇನೆ. ಒಪ್ಪಂದವನ್ನು ಕ್ಯಾರಿಯರ್ ಯಾವ ಷರತ್ತಿನಲ್ಲಿ ಮುರಿಯಬಹುದು ಎಂಬುದು ಅಪಾಯಗಳ ಪಟ್ಟಿಯಲ್ಲಿ ಇರುತ್ತದೆ. ಎಲ್ಲ ಕಂಪನಿಗಳೂ ಹೀಗೇ ಬರೆದುಕೊಳ್ಳುತ್ತವೆ ಎಂದು ನಾನು ಹಾರಿಸಿದ ಭಾಗ ಅದೇ.

ತೆರಿಗೆ ವಿಷಯ ಕೇಳಿದವರಿಗೆ: ಇಲ್ಲಿ ಬಂಡವಾಳ ನಷ್ಟವನ್ನು ಮೊದಲು ಬಂಡವಾಳ ಲಾಭದ ಎದುರು ಕಳೆಯಬೇಕು, ಮಿಕ್ಕಿದ್ದರಲ್ಲಿ ವರ್ಷಕ್ಕೆ 3,000 ಡಾಲರ್ ಮಾತ್ರ ಸಂಬಳದಂಥ ಆದಾಯದ ಎದುರು ಕಳೆಯಬಹುದು, ಉಳಿದದ್ದನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ಮಾರಿದ ಮೂವತ್ತು ದಿನದ ಮೊದಲು ಅಥವಾ ನಂತರ ಅದೇ ಷೇರು ಕೊಂಡರೆ ವಾಶ್ ಸೇಲ್ ನಿಯಮದಡಿ ಆ ನಷ್ಟವನ್ನು ಆಗ ತೋರಿಸಲು ಬರುವುದಿಲ್ಲ. ಭಾರತದಲ್ಲಿ ಬಂಡವಾಳ ನಷ್ಟವನ್ನು ಸಂಬಳದ ಎದುರು ತೋರಿಸಲಾಗದು, ಎಂಟು ವರ್ಷ ಮುಂದಕ್ಕೆ ಒಯ್ಯಬಹುದು ಅಷ್ಟೆ. ದುಬೈ ಗೆಳೆಯರಿಗೆ ಈ ತೆರಿಗೆಯೇ ಇಲ್ಲ, ಹಾಗಾಗಿ ಈ ಸಮಾಧಾನವೂ ಇಲ್ಲ.

ಆ ಭಾನುವಾರ ಹೆಂಡತಿ ಕೂಗಾಡಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೆ ಸುಮ್ಮನೆ ಕೂತಿದ್ದಳು. ಆಮೇಲೆ, "ದುಡ್ಡು ಹೋಗಿದ್ದಕ್ಕಲ್ಲ ರೀ. ಅವಳು ಎಲ್ಲಿದ್ದಾಳೆ ಅಂತ ಗಳಿಗೆಗೊಂದು ಸಲ ನೋಡ್ತಿದ್ವಿ. ಅವಳ ದುಡ್ಡು ಎಲ್ಲಿದೆ ಅಂತ ನಂಗೇ ಗೊತ್ತಿರಲಿಲ್ಲ" ಅಂದಳು. ಮೇಜಿನ ಮೇಲಿದ್ದ ಕಾಫಿ ತಣ್ಣಗಾಗಿತ್ತು. ಅವಳು ಸಹಿ ಹಾಕಿದಳು.

ಈಗ 529 ಖಾತೆಗೆ ಸಂಬಳದ ದಿನವೇ ತಾನಾಗಿ ಹಣ ಹೋಗುತ್ತದೆ, ಅದರ ಪಾಸ್‌ವರ್ಡ್ ಅವಳ ಹತ್ತಿರ ಇದೆ. ಬಿಟ್ಟುಹೋದ ಒಂದು ವರ್ಷದ ಕಂತನ್ನು ಬೋನಸ್‌ನಿಂದ ತುಂಬುತ್ತಿದ್ದೇನೆ, ಇನ್ನೂ ಅರ್ಧ ಬಾಕಿ. ಮಗಳಿಗೆ ಹದಿನಾರು ತುಂಬಿ ಲೈಸೆನ್ಸ್ ಸಿಕ್ಕಿದೆ. ಕಾರು ತೆಗೆಯುವ ಮೊದಲು ಫೈಂಡ್ ಮೈ ಆನ್ ಮಾಡಿ ಅಮ್ಮನಿಗೆ ತೋರಿಸಿ ಹೋಗುತ್ತಾಳೆ. ಈ ಸಲದ ರಿಟರ್ನ್‌ನಲ್ಲೂ 3,000 ಕಳೆದೆವು. ಮುಂದಿನ ವರ್ಷ ಇನ್ನೊಂದು 3,000. ಅದರ ಮುಂದಿನ ವರ್ಷದ ಪಾಲಿಗೆ 486 ಡಾಲರ್ ಉಳಿಯುತ್ತದೆ.